ಅಣ್ಣನ ಅಂಗಿ ತಮ್ಮನ ಮೈಗೆ

ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ನನಗೆ ಒಂದು ಕೆಟ್ಟ ಚಾಳಿ ಇತ್ತು. ಜೂನ್ ತಿಂಗಳಲ್ಲಿ ಹೊಸ ತರಗತಿಗೆ ಹೋಗಿ ಹಾಜರಿ ಕೂಗುವಾಗ ಪರಿಚಯದ ಅಡ್ಡಹೆಸರು ಬಂದರೆ ಸಾಕು, ತಲೆ ಎತ್ತಿ ನೋಡುತ್ತಿದ್ದೆ. "ನೀ ಅವನ ತಮ್ಮ ಹೌದಲ್ಲೋ? ನಿಮ್ಮ ಅಣ್ಣ ನನ್ನ ವಿಷಯದಾಗ ನೂರಕ್ಕ ತೊಂಬತ್ತೆಂಟು ತಗದಿದ್ದ ನೋಡು!" ಎನ್ನುತ್ತಿದ್ದೆ. ಹುಡುಗ ನಕ್ಕಂತೆ ಮಾಡಿ ಕೂತುಬಿಡುತ್ತಿದ್ದ. ಅದು ಹುರುಪು ತುಂಬುವ ಮಾತೆಂದೇ ನಾನು ತಿಳಿದಿದ್ದೆ. ಅದರ ನಿಜವಾದ ಭಾರ ಎಷ್ಟು ಎಂಬುದು ನನಗೆ ಗೊತ್ತಾದದ್ದು ಒಂದು ಕಂಪ್ಯೂಟರ್ ಆಟದಿಂದ ಎಂದರೆ ಪಾಲಕರು ನಗಬಹುದು. ನಕ್ಕರೂ ಅಡ್ಡಿಯಿಲ್ಲ, ಕೊನೆಯವರೆಗೆ ಓದಿ.

ನಮ್ಮ ಹುಬ್ಬಳ್ಳಿಯ ಮನೆಗೆ ಕಂಪ್ಯೂಟರ್ ಬಂದದ್ದು 2007ರಲ್ಲಿ. ಯಾರೋ ಬಳಸಿ ಬಿಟ್ಟದ್ದು, ಪಂಖದ ಸದ್ದು ಹಿಟ್ಟಿನ ಗಿರಣಿಯಂತೆ. ಹಿರಿಯ ಮಗನಿಗೆ ಆಗ ಹತ್ತು ವರ್ಷ, ಕಿರಿಯವನು ಎರಡು ವರ್ಷದ ಕೂಸು. ಹಿರಿಯವನು ಗೆಳೆಯನಿಂದ ಒಂದು ಸಿ.ಡಿ. ತಂದ. 'ಏಜ್ ಆಫ್ ಎಂಪೈರ್ಸ್' ಎಂಬ ಆಟದ ಎರಡನೆಯ ಭಾಗ. ಅಮೆರಿಕದ ಎನ್ಸೆಂಬಲ್ ಸ್ಟುಡಿಯೋಸ್ ತಯಾರಿಸಿ ಮೈಕ್ರೋಸಾಫ್ಟ್ 1999ರಲ್ಲಿ ಹೊರತಂದದ್ದು. ಗುಂಡು ಹಾರಿಸುವ ಆಟವಿರಬೇಕೆಂದು ಕಿತ್ತುಕೊಳ್ಳಲು ಹೋದವನು ನಾನು, ಅವನ ಹಿಂದೆ ಕುರ್ಚಿ ಹಾಕಿಕೊಂಡು ಕೂತೆ.

ಆಟದ ಆರಂಭದಲ್ಲಿ ನಿಮ್ಮ ಬಳಿ ಇರುವುದು ಊರ ನಡುವಿನ ಒಂದು ಕಟ್ಟಡ, ಮೂವರು ದುಡಿಯುವ ಜನ, ದಾರಿ ಹುಡುಕಲು ಒಬ್ಬ ಕುದುರೆ ಸವಾರ. ಸುತ್ತಲೂ ಕತ್ತಲು. ಆಹಾರ, ಕಟ್ಟಿಗೆ, ಬಂಗಾರ, ಕಲ್ಲು ಎಂಬ ನಾಲ್ಕನ್ನು ಕೂಡಿಸುತ್ತ ಊರು ಕಟ್ಟಬೇಕು, ಯುಗದಿಂದ ಯುಗಕ್ಕೆ ಏರಬೇಕು. ಎಲ್ಲವೂ ಬೇಕು, ಆದರೆ ಎಲ್ಲಕ್ಕೂ ಕೈ ಸಾಲದು. ಹೊಲಕ್ಕೆ ಆಳು ಕಳಿಸಿದರೆ ಕೋಟೆಗೆ ಕಲ್ಲಿಲ್ಲ. ಕಲ್ಲು ಒಡೆಯುತ್ತ ಕೂತರೆ ಹೊಟ್ಟೆಗಿಲ್ಲ. ತಿಂಗಳ ಕೊನೆಯಲ್ಲಿ ಮಾಸ್ತರನ ಮನೆಯ ಲೆಕ್ಕ ಇದೇ ಅಲ್ಲವೆ? ವಾರಕ್ಕೆ ಎರಡು ದಿನ, ಒಂದೊಂದು ತಾಸು ಎಂದು ಕರಾರು ಮಾಡಿಕೊಂಡು ಆಡಲು ಬಿಟ್ಟೆ. ನಾನೂ ಆಡಿದೆ. ಪ್ರತಿ ಸಲ ಸೋತೆ.

ಆಮೇಲೆ ಮೂರನೆಯ ಭಾಗವನ್ನೂ ಅವನು ತಂದ. ಅದು 2005ರಲ್ಲೇ ಬಂದಿತ್ತು. ಮಧ್ಯಯುಗ ಹೋಗಿ, ಯುರೋಪಿನವರು ಅಮೆರಿಕದಲ್ಲಿ ವಸಾಹತು ಕಟ್ಟುವ ಕಾಲ ಬಂದಿತ್ತು. ಕಲ್ಲು ಕೂಡಿಸುವ ಕೆಲಸವೇ ಇಲ್ಲ. ತಾಯ್ನಾಡಿನಿಂದ ಇಸ್ಪೀಟೆಲೆಯ ಹಾಗೆ ಚೀಟಿ ಹಾಕಿ ಸರಂಜಾಮು ತರಿಸಬೇಕು. 2007ರ ಒಂದು ಪುರವಣಿಯಲ್ಲಿ ಭಾರತವೂ ಸೇರಿತ್ತು. ಅದನ್ನು ಮೆಚ್ಚಿದವರು ಇಂದಿಗೂ ಇದ್ದಾರೆ. ಆದರೆ ನಮ್ಮವನು ಒಂದು ವಾರ ಆಡಿ ತೆಗೆದುಹಾಕಿದ. "ಅಪ್ಪಾ, ಇದು ಅದಲ್ಲ" ಎಂದ. ಜಗತ್ತಿನ ಎಷ್ಟೋ ಅಭಿಮಾನಿಗಳು ಹೇಳಿದ್ದೂ ಅದೇ ಮಾತು. 2009ರಲ್ಲಿ ಎನ್ಸೆಂಬಲ್ ಸಂಸ್ಥೆಯೇ ಮುಚ್ಚಿಹೋಯಿತು. ನಾಲ್ಕನೆಯ ಭಾಗಕ್ಕಾಗಿ ಕಾಯುವುದು ಅಲ್ಲಿಂದ ಶುರುವಾಯಿತು.

ಅದು ಕೊನೆಗೂ ಬಂದದ್ದು 2021ರ ಅಕ್ಟೋಬರ್ 28ರಂದು, ರೆಲಿಕ್ ಎಂಬ ಬೇರೆ ಸಂಸ್ಥೆಯ ಕೈಯಿಂದ. ಮೂರನೆಯದರ ಬಳಿಕ ಹದಿನಾರು ವರ್ಷ ಕಳೆದಿತ್ತು. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ಹಿರಿಯವನು ಕೊರೊನಾದಿಂದಾಗಿ ಹುಬ್ಬಳ್ಳಿಯಿಂದಲೇ ಕೆಲಸ ಮಾಡುತ್ತಿದ್ದ. ಕಿರಿಯವನು ಆಗಷ್ಟೇ ಪಿ.ಯು.ಸಿ. ಮೊದಲ ವರ್ಷಕ್ಕೆ ಸೇರಿದ್ದ, ವಿಜ್ಞಾನ ವಿಭಾಗಕ್ಕೆ. 'ಸೇರಿದ್ದ' ಎನ್ನುವುದಕ್ಕಿಂತ ನಾನು ಸೇರಿಸಿದ್ದೆ ಎನ್ನುವುದು ಸರಿ. ದೀಪಾವಳಿಯ ಮುಂಚಿನ ಭಾನುವಾರ, ಹಿರಿಯವನು ತನ್ನ ಸಂಬಳದಲ್ಲಿ ಕೊಂಡ ಲ್ಯಾಪ್‌ಟಾಪ್ ಮುಂದೆ ಮೂವರೂ ಕೂತೆವು. ಅವರ ಅವ್ವ ಉಂಡಿ ಕಟ್ಟಲು ಕರೆದರೂ ಯಾರೂ ಏಳಲಿಲ್ಲ.

ಅರ್ಧ ತಾಸಿನಲ್ಲಿ ಹಿರಿಯವನ ಮುಖ ಸಣ್ಣದಾಯಿತು. "ಮಂದಿ ಎಲ್ಲಾ ಕಾರ್ಟೂನ್ ಗೊಂಬಿ ಇದ್ದಂಗ ಅದಾರ. ದೂರ ಸರಿಸಿ ನೋಡೋಣಂದ್ರ ಬರವಲ್ದು. ನಮಗ ಬೇಕಾದ ಬಣ್ಣನೂ ಆರಿಸಾಕ ಬರೂದಿಲ್ಲ. ಬರೇ ಎಂಟು ರಾಜ್ಯ! ಎರಡನೇದ್ರಾಗ ಮೂವತ್ತೊಂಬತ್ತು ಅದಾವ." ನಕಾಶೆಗಳನ್ನು ನಾವೇ ತಯಾರಿಸಿಕೊಳ್ಳುವ ಸೌಲಭ್ಯವೂ ಇರಲಿಲ್ಲವಂತೆ. ವರ್ಷಗಟ್ಟಲೆ ಕಾದವನ ಸಿಟ್ಟು ಅದು.

ಕಿರಿಯವನು ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡ. ಹಳೆಯ ಆಟದ ಮೋಹ ಅವನಿಗಿರಲಿಲ್ಲ. ದೆಹಲಿ ಸುಲ್ತಾನರನ್ನು ಆರಿಸಿಕೊಂಡು ಒಂದೊಂದನ್ನೇ ಒತ್ತಿ ನೋಡುತ್ತ ಆಡತೊಡಗಿದ. ಅಣ್ಣನ ಗೊಣಗಾಟ ನಿಲ್ಲಲಿಲ್ಲ. ಕೊನೆಗೆ ಪರದೆಯಿಂದ ಕಣ್ಣು ತೆಗೆಯದೇ ಹೇಳಿದ: "ನೀ ಇದನ್ನ ಆಡಾಕತ್ತಿಲ್ಲೋ ಅಣ್ಣಾ. ಇದರೊಳಗ ಅದನ್ನ ಹುಡುಕಾಕತ್ತೀ."

ನನಗೆ ಚುರುಕ್ಕೆಂದಿತು. ಯಾಕೆಂದು ಆಗ ತಿಳಿಯಲಿಲ್ಲ.

ಮೊದಲು ಆಟದ ಮಾತನ್ನೇ ಮುಗಿಸೋಣ. ವಿಜ್ಞಾನದ ಮಾಸ್ತರನಾಗಿ ನನಗೆ ಕಂಡದ್ದು ಇದು. ಎರಡು ವಸ್ತುಗಳನ್ನು ಹೋಲಿಸಬೇಕಾದರೆ ಉಳಿದ ಪರಿಸ್ಥಿತಿ ಒಂದೇ ಇರಬೇಕೆಂದು ಎಂಟನೆಯ ತರಗತಿಯ ಮಕ್ಕಳಿಗೂ ಕಲಿಸುತ್ತೇವೆ. ಒಂದು ಸಸಿಯನ್ನು ಬಿಸಿಲಿನಲ್ಲಿ, ಇನ್ನೊಂದನ್ನು ಕತ್ತಲಲ್ಲಿಟ್ಟು ಗೊಬ್ಬರದ ಗುಣ ಅಳೆಯಲಾಗದು. ಎರಡನೆಯ ಭಾಗ 1999ರಲ್ಲಿ ಹುಟ್ಟಿದ ದಿನ ಅದರಲ್ಲಿದ್ದ ರಾಜ್ಯಗಳು ಹದಿಮೂರೇ. ಮರುವರ್ಷ ಐದು ಸೇರಿದವು. ಆಮೇಲೆ 2013ರಲ್ಲೊಮ್ಮೆ, 2019ರಲ್ಲೊಮ್ಮೆ ಹೊಸ ರೂಪ ಪಡೆದು, ಕಂತುಕಂತಾಗಿ ಬೆಳೆದು ಮೂವತ್ತೊಂಬತ್ತಾಗಿದ್ದವು. ನನ್ನ ಮಗ ಹೋಲಿಸುತ್ತಿದ್ದುದು ಇಪ್ಪತ್ತೆರಡು ವರ್ಷದ ಅಣ್ಣನನ್ನು ಮೂರು ದಿನದ ಕೂಸಿನೊಡನೆ!

ನೋಡುವ ಕಣ್ಣೂ ಬದಲಾಗಿತ್ತು. ಅಂದು ನೋಡಿದವನು ಹತ್ತು ವರ್ಷದ ಹುಡುಗ, ಇಂದು ನೋಡುತ್ತಿದ್ದವನು ಇಪ್ಪತ್ತನಾಲ್ಕರ ನೌಕರಿದಾರ. ಮೊದಲ ಸಲ ಕತ್ತಲು ಸರಿದು ನಕಾಶೆ ತೆರೆದಾಗಿನ ಬೆರಗನ್ನು ಯಾವ ಕಂಪನಿ ಯಾವ ಡಬ್ಬಿಯಲ್ಲಿ ತುಂಬಿ ಕೊಟ್ಟೀತು? ಆಟ ತಯಾರಿಸುವವರ ಪಾಡು ಅತ್ತ ದರಿ, ಇತ್ತ ಪುಲಿ. ಹಳೆಯದನ್ನೇ ಕೊಟ್ಟರೆ "ಇದಕ್ಕ ಮತ್ತ ರೊಕ್ಕ ಯಾಕ?" ಎನ್ನುತ್ತಾರೆ, ಹೊಸದು ಕೊಟ್ಟರೆ "ಇದು ಅದಲ್ಲ" ಎನ್ನುತ್ತಾರೆ. ಹಾಗೆಂದು ತಪ್ಪುಗಳು ತಪ್ಪಲ್ಲ ಎಂದು ನಾನು ಹೇಳುತ್ತಿಲ್ಲ. ಪೂರ್ತಿ ಬೆಲೆ ತೆಗೆದುಕೊಂಡು ಬಣ್ಣ ಆರಿಸುವ ಸೌಲಭ್ಯವನ್ನೂ ಕೊಡದಿದ್ದರೆ ಗಿರಾಕಿ ಕೇಳಲೇಬೇಕು. ಕೇಳಿದ್ದರಿಂದಲೇ ಬಿಟ್ಟುಹೋದವು ಒಂದೊಂದಾಗಿ ಬಂದವು. 2022ರ ಅಕ್ಟೋಬರ್‌ನಲ್ಲಿ ಒಟ್ಟೊಮನ್, ಮಾಲಿ ಎಂಬ ಎರಡು ರಾಜ್ಯಗಳನ್ನು ಪುಕ್ಕಟೆಯಾಗಿಯೇ ಸೇರಿಸಿದರು.

ಈ ಜಗಳ ಹೊಸದೇನಲ್ಲ. ನಮ್ಮ ಮನೆತನದಲ್ಲಿ ಒಮ್ಮೆ ಚದುರಂಗಕ್ಕಾಗಿ ಇದೇ ಜಗಳ ನಡೆದಿತ್ತು. ನವಲಗುಂದದ ಕಡೆಯ ನಮ್ಮ ಹಳ್ಳಿಯಲ್ಲಿ ಅಜ್ಜ ಅರಿವೆಯ ಮೇಲೆ ಮನೆ ಹೊಲಿಸಿ ದೇಶೀ ಪದ್ಧತಿಯ ಚದುರಂಗ ಆಡುತ್ತಿದ್ದರು. ಅದರಲ್ಲಿ ಕಾಲಾಳಿಗೆ ಒಂದೇ ಹೆಜ್ಜೆ. ರಾಜನಿಗೆ ಒಮ್ಮೆ ಮಾತ್ರ ಕುದುರೆಯಂತೆ ಜಿಗಿಯುವ ಹಕ್ಕು. 1984ರಲ್ಲಿ ಶಾಲೆಯ ಪಂದ್ಯಕ್ಕಾಗಿ ಅಂತರರಾಷ್ಟ್ರೀಯ ನಿಯಮ ಕಲಿತುಬಂದ ನಾನು ಅಜ್ಜನೆದುರು ಕಾಲಾಳನ್ನು ಎರಡು ಮನೆ ಮುಂದಿಟ್ಟೆ. "ತಮ್ಮಾ, ಇಂವ ಯುದ್ಧಕ್ಕ ಹೊಂಟಾನೋ, ಹಳ್ಳ ಜಿಗ್ಯಾಕ ಹೊಂಟಾನೋ?" ಎಂದರು ಅಜ್ಜ. ನಾನೂ ಹಟಮಾರಿ, ಹೊಸದೇ ಸರಿ ಎಂದು ವಾದಿಸಿದೆ. ಅವರು ಅರಿವೆ ಮಡಚಿ ಎದ್ದರು. 1991ರಲ್ಲಿ ಅವರು ತೀರಿಕೊಳ್ಳುವವರೆಗೂ ನಾವಿಬ್ಬರು ಮತ್ತೆ ಎದುರುಬದುರು ಕೂಡಲಿಲ್ಲ.

ಅಜ್ಜ 'ಮೂಲ' ಎಂದು ನಂಬಿದ್ದ ಆಟವೂ ಯಾವುದೋ ಆಟದ ಮುಂದಿನ ಭಾಗವೇ ಆಗಿತ್ತೆಂದು ನನಗೆ ಆಮೇಲೆ ಓದಿ ತಿಳಿಯಿತು. ಹಳೆಯ ಷತ್ರಂಜ್‌ನಲ್ಲಿ ಮಂತ್ರಿಗೆ ಓರೆಯಾಗಿ ಒಂದೇ ಮನೆಯ ನಡೆ. ಹದಿನೈದನೆಯ ಶತಮಾನದ ಕೊನೆಯ ಸುಮಾರಿಗೆ ಯುರೋಪಿನಲ್ಲಿ ಆ ಕಾಯಿ ಇಡೀ ಪಟ ಓಡಾಡುವ ರಾಣಿಯಾಯಿತು. ಅಲ್ಲಿಯವರೂ ಅದನ್ನು 'ಹುಚ್ಚು ರಾಣಿಯ ಆಟ' ಎಂದು ಕರೆದರು. ಇಂದು ಜಗತ್ತೆಲ್ಲ ಆಡುವುದು ಆ ಹುಚ್ಚು ರಾಣಿಯ ಆಟವನ್ನೇ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ದೇಶೀ ಚದುರಂಗ ಆಡುತ್ತ ಬೆಳೆದವರು. ಯುರೋಪಿನ ನಿಯಮ ಅವರು ಕಲಿತದ್ದು ದೊಡ್ಡವರಾದ ಮೇಲೆ. ಆದರೂ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಅವರು ಹೊಸದರಲ್ಲಿ ಹಳೆಯದನ್ನು ಹುಡುಕುತ್ತ ಕೂತಿದ್ದರೆ ಅದು ಆಗುತ್ತಿತ್ತೆ?

ಹಾಗಾದರೆ ಮುಂದಿನ ಭಾಗ ದೊಡ್ಡದಾದಷ್ಟೂ ಒಳ್ಳೆಯದೆ? ಅದಕ್ಕೆ ಉತ್ತರ ಮೈಸೂರಿನಲ್ಲಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ಮಹಾ ರಸಿಕರು. ಗಂಜೀಫಾ ಎಂಬ ಎಲೆಯಾಟದ ದಶಾವತಾರ ಪದ್ಧತಿಯಲ್ಲಿ ಎಲೆಗಳು 120. ಅವರು ರೂಪಿಸಿದ 'ಛದ' ಆಟಗಳಲ್ಲಿ 36 ಎಲೆಗಳಿಂದ ಹಿಡಿದು 360 ಎಲೆಗಳವರೆಗೂ ಬಗೆಗಳಿದ್ದವು. ಚಿತ್ರಗಳ ಚೆಲುವು ನೋಡಿ ಜನ ಇಂದಿಗೂ ಬೆರಗಾಗುತ್ತಾರೆ. ಆದರೆ 360 ಎಲೆ ಹಂಚಿಕೊಂಡು ಕೂತವರನ್ನು ನಾನಂತೂ ಕಂಡಿಲ್ಲ. ಆಟ ಬದುಕುವುದು ಆಡುವವರಿಂದ, ಗಾತ್ರದಿಂದಲ್ಲ.

ಇನ್ನು ಆ ಭಾನುವಾರದ ರಾತ್ರಿಗೆ ಬರುತ್ತೇನೆ. ಹಿರಿಯವನು ಮಲಗಲು ಹೋದ ಮೇಲೂ ಕಿರಿಯವನು ಆಡುತ್ತಿದ್ದ. ಪಕ್ಕದಲ್ಲಿ ಕೂತೆ. "ಅಪ್ಪಾ, ಇಲ್ಲಿ ನೋಡ್ರಿ, ಬ್ಯಾರೆ ರಾಜ್ಯದವರು ಹೊಸಾ ವಿದ್ಯಾ ಕಲೀಬೇಕಂದ್ರ ಬಂಗಾರ ಸುರೀಬೇಕು. ದೆಹಲಿಯವರಿಗೆ ಪುಕ್ಕಟೆ. ಆದರ ಭಾಳ ಹೊತ್ತು ಹಿಡೀತೈತಿ. ಮಸೂತಿಯೊಳಗ ವಿದ್ವಾಂಸರನ್ನ ಕುಂದರಿಸಿದಷ್ಟೂ ಲಗೂ ಆಗ್ತೈತಿ" ಎಂದ. ಮಾಸ್ತರನಿಗೆ ಇದಕ್ಕಿಂತ ಹಿಗ್ಗಿನ ಮಾತು ಬೇಕೆ? ನಕ್ಕೆ. ಅವನು ನಗಲಿಲ್ಲ. ಸ್ವಲ್ಪ ತಡೆದು, "ನನಗೂ ಹೊತ್ತು ಹಿಡೀತೈತ್ರಿ ಅಪ್ಪಾ. ಅಣ್ಣಗ ಹಿಡೀತಿದ್ದಿಲ್ಲ" ಎಂದ.

ಮಧ್ಯಾಹ್ನ ಚುರುಕ್ಕೆಂದದ್ದು ಯಾಕೆಂದು ಆಗ ತಿಳಿಯಿತು. ಅಣ್ಣ ಓದಿದ ಶಾಲೆ, ಅಣ್ಣನ ಮೇಜು, ಅಣ್ಣ ಗುರುತು ಹಾಕಿದ ಪುಸ್ತಕ, ಕೊನೆಗೆ ಅಣ್ಣ ಆರಿಸಿಕೊಂಡ ವಿಜ್ಞಾನ, ಎಲ್ಲವನ್ನೂ ಅವನಿಗೆ ಕೊಟ್ಟಿದ್ದೆ. ನಾನು ಚಿಕ್ಕವನಿದ್ದಾಗ ಅಣ್ಣನ ಅಂಗಿಯನ್ನೇ ತೊಟ್ಟವನು. ತೋಳು ಉದ್ದವಾದರೆ ಅವ್ವ ಮಡಚಿ ಹೊಲಿಯುತ್ತಿದ್ದಳು, ಮೈಗೆ ತಕ್ಕಂತೆ ಅಂಗಿಯನ್ನು ತಿದ್ದುತ್ತಿದ್ದಳು. ನಾನು ಮಾಡಿದ್ದು ತಿರುವುಮುರುವು. ಅಂಗಿಗೆ ತಕ್ಕಂತೆ ಹುಡುಗನನ್ನು ತಿದ್ದಲು ಹೊರಟಿದ್ದೆ. ಹದಿನಾರು ವರ್ಷ ಅವನ ಮನೆಯಲ್ಲೇ ಇದ್ದು, ಅವನೊಳಗೆ ಇನ್ನೊಬ್ಬನನ್ನು ಹುಡುಕುತ್ತಿದ್ದೆ.

"ಮತ್ತ ಏನ್ ಓದಬೇಕಂತಿ?" ಎಂದು ಕೇಳಿದೆ. ಆ ಪ್ರಶ್ನೆಯನ್ನು ನಾನು ಅವನಿಗೆ ಕೇಳಿದ್ದು ಅದೇ ಮೊದಲು. "ಇತಿಹಾಸ" ಎಂದ, ಹೆದರುತ್ತಲೇ. ಒಪ್ಪಲು ನನಗೆ ಮೂರು ದಿನ ಬೇಕಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ದೀಪಾವಳಿ ಮುಗಿದ ಮೇಲೆ ವಿಭಾಗ ಬದಲಿಸಲು ಅರ್ಜಿ ಹಿಡಿದುಕೊಂಡು ಕಾಲೇಜಿಗೆ ಅವನೊಡನೆ ನಾನೇ ಹೋದೆ. ಈಗ ಅವನು ಧಾರವಾಡದಲ್ಲಿ ಇತಿಹಾಸ ಓದುತ್ತಿದ್ದಾನೆ. ಅಂಕಗಳು ಇನ್ನೂ ಸಾಧಾರಣ. ಆದರೆ ರಜೆ ಬಂದರೆ ಬಾದಾಮಿ, ಪಟ್ಟದಕಲ್ಲು ಎಂದು ಬಸ್ಸು ಹತ್ತುತ್ತಾನೆ. ಹೋಗಿಬಂದ ಮೇಲೆ ಊಟಕ್ಕೆ ಕೂತಾಗ ಅವನ ಬಾಯಿ ನಿಲ್ಲುವುದಿಲ್ಲ. ಮೊದಲು ಅವನು ಊಟಕ್ಕೆ ಕೂತರೆ ತಟ್ಟೆಯನ್ನಷ್ಟೇ ನೋಡುತ್ತಿದ್ದ.

ಅಂದಹಾಗೆ ಹಳೆಯ ಆಟವೂ ನಿಂತಲ್ಲೇ ನಿಂತಿಲ್ಲ. 2022ರ ಏಪ್ರಿಲ್‌ನಲ್ಲಿ ಎರಡನೆಯ ಭಾಗಕ್ಕೆ ಭಾರತದ ರಾಜವಂಶಗಳ ಕಂತು ಬಂತು. ಅಲ್ಲಿಯವರೆಗೆ 'ಭಾರತೀಯರು' ಎಂಬ ಒಂದೇ ಗುಂಪಿದ್ದುದು ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಎಂದು ನಾಲ್ಕಾಯಿತು. "ನಮ್ಮ ಚಾಲುಕ್ಯರಿಗೆ ಬ್ಯಾರೆ ಹೆಸರ ಇಲ್ಲ" ಎಂದು ಈ ಸಲ ಗೊಣಗಿದವನು ಕಿರಿಯವನು. "ಇದ್ದದ್ದನ್ನ ಆಡೋ" ಎಂದು ನಕ್ಕವನು ಹಿರಿಯವನು!

ನಾಲ್ಕನೆಯ ಭಾಗ ಅಭಿಮಾನಿಗಳ ನಿರೀಕ್ಷೆಯನ್ನು ಮುಟ್ಟಿತೆ ಎಂದು ವಿದ್ಯಾರ್ಥಿಗಳು ಕೇಳಿದರೆ ನನ್ನ ಉತ್ತರ ಇಷ್ಟು. ಅರ್ಧ ಮುಟ್ಟಿತು, ಅದೂ ಒಂದು ವರ್ಷ ತಡವಾಗಿ. ಉಳಿದರ್ಧ ಆಟದಿಂದ ಬಯಸಿದ್ದಲ್ಲ, ಕಳೆದುಹೋದ ಬಾಲ್ಯದಿಂದ ಬಯಸಿದ್ದು. ಅದನ್ನು ಯಾವ ಆಟವೂ ಮುಟ್ಟಲಾರದು. ಹೊಸದನ್ನು ಅಳೆಯುವುದು ಬೇಡವೆಂದಲ್ಲ, ಅದರದೇ ಅಳತೆಗೋಲಿನಿಂದ ಅಳೆಯಿರಿ.

ಈ ವರ್ಷದ ಹಾಜರಿಯಲ್ಲೂ ಪರಿಚಯದ ಅಡ್ಡಹೆಸರೊಂದು ಬಂತು. ಅವನ ಅಣ್ಣ ನನ್ನ ಅತ್ಯುತ್ತಮ ವಿದ್ಯಾರ್ಥಿಗಳಲ್ಲಿ ಒಬ್ಬ. ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಅವನ ಹೆಸರನ್ನಷ್ಟೇ ಕೂಗಿದೆ. "ಹಾಜರ್ ಸರ್" ಎಂದು ಎದ್ದು ನಿಂತ. ಒಂದು ಕ್ಷಣ ಕಾದ, ನಾನು ಇನ್ನೇನೋ ಹೇಳುವೆನೆಂದು. ನಾನು ಮುಂದಿನ ಹೆಸರು ಕೂಗಿದೆ. ಅವನು ಆರಾಮಾಗಿ ಕೂತ.