ಚಿತ್ರದಲ್ಲಿಲ್ಲದ ಬಾಣಗಳು

ಫೆಬ್ರವರಿ 19, 2024, ಸೋಮವಾರ, ಹಲಸೂರು

ತೇಜಸ್ ಯುದ್ಧವಿಮಾನದ ಎಲ್‌ಎಸ್‌ಪಿ-7 ಎಂಬ ಮಾದರಿ ಇವತ್ತು ಹೊಸ ಹಾರಾಟ ನಿಯಂತ್ರಣ ಕಂಪ್ಯೂಟರ್ ಹೊತ್ತು ಹಾರಿತಂತೆ. ಅದನ್ನು ರೂಪಿಸಿದ್ದು ನಮ್ಮ ಆಫೀಸಿನ ಆಚೆಗಿರುವ ಸಿ.ವಿ. ರಾಮನ್ ನಗರದ ಎಡಿಇ, ಅಂದರೆ ಡಿಆರ್‌ಡಿಓದ ವೈಮಾನಿಕ ಪ್ರಯೋಗಾಲಯ. ಪವರ್‌ಪಿಸಿ ಪ್ರೊಸೆಸರ್, ನಾಲ್ಕು ಚಾನೆಲ್, ಇನ್‌ಪುಟ್-ಔಟ್‌ಪುಟ್‌ಗೆ ಪ್ರತ್ಯೇಕ ಕಂಟ್ರೋಲರ್. ತಂತ್ರಾಂಶ ಡಿಓ-178ಸಿ ಎಂಬ ವಿಮಾನ ತಂತ್ರಾಂಶ ಮಾನದಂಡದ 'ಎ' ಮಟ್ಟದ್ದು, ಅಂದರೆ ಕೈಕೊಟ್ಟರೆ ವಿಮಾನವೇ ಹೋಗುವಂಥದ್ದು. ಅಲ್ಲಿ ಒಂದು ಸಾಲು ತಿದ್ದಿದರೂ ಅದು ಯಾವ ಅಗತ್ಯಕ್ಕೆ, ಯಾವ ಪರೀಕ್ಷೆ ಮತ್ತೆ ನಡೆಯಬೇಕು ಎಂದು ಜಾಡು ತೋರಿಸಬೇಕು. ನಮ್ಮಲ್ಲಿ ಜಾಡು ಅಂದರೆ ಒಂದು ಪಿಪಿಟಿ.

20, ಮಂಗಳವಾರ

ನಮ್ಮ ಹಳೇ ತಂತ್ರಾಂಶದಿಂದ ಬಿಲ್ಲಿಂಗನ್ನು ಬಿಡಿಸಿ ಬೇರೆ ಸರ್ವಿಸ್ ಮಾಡುವ ಪ್ರಸ್ತಾವ. ಪರಿಣಾಮ ಅಂದಾಜು ಮಾಡುವುದು ನನ್ನ ಪಾಲಿಗೆ ಬಂದಿದೆ. ಯಾವ ಭಾಗ ಯಾವುದನ್ನು ಬಳಸುತ್ತದೆಂದು ತೋರಿಸುವ ಪಿಪಿಟಿಯ ಚಿತ್ರದಲ್ಲಿ ಮೂರೇ ಬಾಣ. ಅದನ್ನು ಪಕ್ಕಕ್ಕಿಟ್ಟು ಡೇಟಾಬೇಸ್ ಲಾಗ್ ತೆಗೆದೆ. ಪ್ರತಿ ತಿಂಗಳ ಕೊನೆಗೆ ಬಿಲ್ ಟೇಬಲ್ಲನ್ನು ಯಾರೋ ನೇರವಾಗಿ ಓದುತ್ತಿದ್ದಾರೆ. ನೋಡಿದರೆ ಅಕೌಂಟ್ಸ್‌ನ ಎಕ್ಸೆಲ್ ಶೀಟು! ಕೆಳಗಿಳಿದು ವಿಚಾರಿಸಿದೆ. "ನೀವು ಏನಾದ್ರೂ ಮಾಡ್ಕೊಳ್ಳಿ ಸಾರ್, ಒಂದನೇ ತಾರೀಖು ನನ್ನ ಶೀಟು ತುಂಬಿರ್ಬೇಕು ಅಷ್ಟೇ" ಅಂದರು ಅಕೌಂಟ್ಸ್ ಮೇಡಂ.

ಇನ್ನೊಂದು ಇದಕ್ಕಿಂತ ಗಟ್ಟಿ ಕಗ್ಗಂಟು. ಈಗ ಆರ್ಡರ್, ಬಿಲ್ ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಉಳಿಯುತ್ತವೆ, ಇಲ್ಲವೇ ಎರಡೂ ಅಳಿಯುತ್ತವೆ. ಬಿಲ್ಲಿಂಗ್ ಬೇರೆಯಾಗಿ ನಡುವೆ ನೆಟ್‌ವರ್ಕ್ ಬಂದರೆ ಆರ್ಡರ್ ಉಳಿದು ಬಿಲ್ ಕಾಣೆಯಾಗಬಹುದು. ಉತ್ತರ ತಡವಾಯಿತೆಂದು ಮತ್ತೆ ಕಳಿಸಿದರೆ ಒಂದಕ್ಕೆ ಎರಡು ಬಿಲ್. ಹೊಂದಿಸುವ ಹೊಣೆ ಯಾರದು? ಚಿತ್ರ ಬರೆದವರು "ರಿಟ್ರೈ ಇದೆಯಲ್ಲ" ಅಂದರು. ಆ ರಿಟ್ರೈಯೇ ನನಗೆ ಭಯ.

22, ಗುರುವಾರ

ಮೆಟ್ರೋದಲ್ಲಿ ಯುರೋಪಿನ ಏರಿಯಾನ್ 5 ರಾಕೆಟ್ ಅಪಘಾತದ ತನಿಖಾ ವರದಿ ಮತ್ತೆ ಓದಿದೆ. 1996ರ ಜೂನ್ 4, ಹೊರಟ ಸುಮಾರು 40 ಸೆಕೆಂಡಿಗೆ ರಾಕೆಟ್ ಛಿದ್ರ. ಹಿಂದಿನ ರಾಕೆಟ್ ಏರಿಯಾನ್ 4ರ ಕೋಡನ್ನೇ ತಂದಿದ್ದರು. ಹೊಸ ರಾಕೆಟ್‌ನ ಅಡ್ಡವೇಗ ಹೆಚ್ಚು. 64 ಬಿಟ್‌ನ ಸಂಖ್ಯೆ 16 ಬಿಟ್‌ನಲ್ಲಿ ಹಿಡಿಸಲಿಲ್ಲ. ಆ ಲೆಕ್ಕ ಏರಿಯಾನ್ 5ಕ್ಕೆ ನೆಲ ಬಿಟ್ಟ ಮೇಲೆ ಬೇಕಾಗಿಯೂ ಇರಲಿಲ್ಲ. ಕೋಡ್ ಬದಲಾಗಿರಲಿಲ್ಲ, ಸುತ್ತಲಿನದು ಬದಲಾಗಿತ್ತು. ಎಲ್ಲರೂ ತಿದ್ದಿದ ಫೈಲುಗಳ ಪಟ್ಟಿ ಕೇಳುತ್ತಾರೆ. ನಾನು ಮುಟ್ಟದ ಭಾಗಗಳ ಪಟ್ಟಿಯನ್ನೂ ಸೇರಿಸಿದೆ, ಪ್ರತಿಯೊಂದರ ಎದುರು ಅದು ನಂಬಿಕೊಂಡಿರುವ ಸಂಗತಿ ಬರೆದು.

23, ಶುಕ್ರವಾರ

ಮೀಟಿಂಗ್. ಮ್ಯಾನೇಜರ್ ಕೇಳಿದ್ದು ಒಂದೇ: "ಎಷ್ಟು ದಿನ?" ದಿನದ ಲೆಕ್ಕ ಕೊಡಲಿಲ್ಲ. ಹಳತು ಹೊಸತು ಎರಡನ್ನೂ ಒಂದು ತಿಂಗಳ ಕೊನೆ ದಾಟುವವರೆಗೆ ಜೊತೆಗೇ ಓಡಿಸಿ ಬಿಲ್ಲಿಗೆ ಬಿಲ್ ತಾಳೆ ನೋಡೋಣ ಅಂದೆ. ಒಪ್ಪಿದರು, ಆದರೆ ಮಾರ್ಚ್ ಲೆಕ್ಕಪತ್ರ ಮುಗಿದ ಮೇಲೆ. ಆ ಷರತ್ತು ಅಕೌಂಟ್ಸ್ ಮೇಡಂ ಅವರದು. ಮೊದಲ ಸಲ ಅವರನ್ನು ಇಂಥ ಮೀಟಿಂಗಿಗೆ ಕರೆದಿದ್ದರು.