ಸೆಲ್ಫೇನೋ ಹೊಡೀತದ…

ಸತ್ತಂತೆ ಬಿದ್ದಿರುವ ಕಾರನ್ನು ಕ್ಷಮಿಸಿಬಿಡಬಹುದು. ಕೀಲಿ ತಿರುಗಿಸಿದರೆ ಟಿಕ್ ಎನ್ನುವುದಿಲ್ಲ, ದೀಪ ಉರಿಯುವುದಿಲ್ಲ. ಬ್ಯಾಟರಿ ಹೋಗಿದೆ, ನಾಲ್ಕು ಜನ ತಳ್ಳಿ ಅಂದರಾಯಿತು. ಆದರೆ ಸೆಲ್ಫ್ ಗಟ್ಟಿಯಾಗಿ ಹೊಡೆದೂ ಸ್ಟಾರ್ಟ್ ಆಗದ ಕಾರಿದೆಯಲ್ಲ, ಅದು ‘ಹೊರಟೆ, ಇನ್ನು ಹೊರಟೆ’ ಎನ್ನುತ್ತ ಹೊಸ್ತಿಲಲ್ಲೇ ಒಂದು ಗಂಟೆ ನಿಲ್ಲುವ ನೆಂಟರ ಹಾಗೆ. ಹೊರಡುವುದೂ ಇಲ್ಲ, ಒಳಗೆ ಬಂದು ಕೂರುವುದೂ ಇಲ್ಲ.

ನನ್ನ ಕಾರು ಈ ಆಟ ಹೂಡಿದ್ದು ಹಾಸನೂರಿನಲ್ಲಿ. ತಾಳವಾಡಿಯ ಬೀಗರ ಮನೆಗೆ ಹೊರಟಿದ್ದೆ. ಬಣ್ಣಾರಿ ಅಮ್ಮನಿಗೆ ಕೈಮುಗಿದು, ದಿಂಬಂ ಘಾಟಿಯ 27 ತಿರುವುಗಳನ್ನು ಉಸಿರು ಬಿಗಿಹಿಡಿದು ಏರಿ, ಹಾಸನೂರಿನಲ್ಲಿ ಟೀ ಕುಡಿದು ಬಂದು ಕೀಲಿ ತಿರುಗಿಸಿದರೆ ಕರ್ ಕರ್ ಕರ್ ಕರ್. ಅಷ್ಟೇ. ಇನ್ನೊಮ್ಮೆ ತಿರುಗಿಸಿದೆ. ಮತ್ತೂ ಅಷ್ಟೇ.

ನಿಂತ ಕಾರಿಗೆ ವೈದ್ಯರ ಬರವಿಲ್ಲ. ಟೀ ಅಂಗಡಿಯ ಬೆಂಚಿನಿಂದ ಒಬ್ಬೊಬ್ಬರೇ ಎದ್ದು ಬಂದರು. ‘ಪ್ಲಗ್ ಹೋಗದ’ ಎಂದರೊಬ್ಬರು. ‘ಇಲಿ ವೈರ್ ಕಡ್ದಿರ್ತದ’ ಎಂದರು ಇನ್ನೊಬ್ಬರು. ಜಿಲ್ಲೆ ಈರೋಡು, ಅಂಗಡಿಗಳ ಬೋರ್ಡು ತಮಿಳು, ಬೆಂಚಿನ ಮೇಲಿನ ಮಾತು ಮಾತ್ರ ನಮ್ಮ ಚಾಮರಾಜನಗರದ್ದೇ. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಮಾತಿಗೆ ಈ ಸುದ್ದಿಯನ್ನು ಯಾರೂ ಮುಟ್ಟಿಸಿದಂತಿಲ್ಲ.

ಒಬ್ಬ ಅಜ್ಜ ಮಾತ್ರ ಬೇರೆಯೇ ಔಷಧಿ ಹೇಳಿದರು: ‘ಒದ್ದ ಬಟ್ಟ ಹಾಕಿ ಸಾ.’ ಸುತ್ತಲಿದ್ದ ಹುಡುಗರು ನಕ್ಕರು. ನಾನು ನಗಲಿಲ್ಲ. ನಮ್ಮಪ್ಪನ ಅಂಬಾಸಿಡರ್‌ಗೆ ಇದೇ ಘಾಟಿಯಲ್ಲಿ ಎಷ್ಟು ಸಲ ಒದ್ದೆ ಬಟ್ಟೆ ಸುತ್ತಿದ್ದೇವೋ! ಆಗಿನ ಪೆಟ್ರೋಲ್ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿರುತ್ತಿತ್ತು. ಘಾಟಿ ಏರಿ ಕಾದ ಎಂಜಿನ್ನನ್ನು ನಿಲ್ಲಿಸಿದಿರೋ, ಫ್ಯಾನು ನಿಂತು ಆ ಕಾವೆಲ್ಲ ಪಂಪಿಗೂ ಪೈಪಿಗೂ ಏರಿ, ಒಳಗಿನ ಪೆಟ್ರೋಲು ಆವಿಯಾಗುತ್ತಿತ್ತು. ಪಂಪಿಗೆ ದ್ರವ ನೂಕಲು ಬರುತ್ತದೆ, ಆವಿ ನೂಕಲು ಬರುವುದಿಲ್ಲ. ಸೆಲ್ಫ್ ಎಷ್ಟು ಹೊಡೆದರೂ ಕಾರ್ಬೊರೇಟರ್ ಒಣಗಿಯೇ ಇರುತ್ತಿತ್ತು. ಒದ್ದೆ ಬಟ್ಟೆ ಸುತ್ತಿ, ಇನ್ನೊಂದು ಟೀ ಕುಡಿದು ಬರುವಷ್ಟರಲ್ಲಿ ಆವಿ ಮತ್ತೆ ನೀರಾಗಿ ಕಾರು ಗುರ್ ಎನ್ನುತ್ತಿತ್ತು. ಟೀ ಅಂಗಡಿಗಳಿಗೆ ಇಷ್ಟು ಉಪಕಾರ ಮಾಡಿದ ರೋಗ ಇನ್ನೊಂದಿಲ್ಲ. ಆದರೆ ಈಗಿನ ಕಾರಿನ ಪಂಪು ಪೆಟ್ರೋಲ್ ಟ್ಯಾಂಕಿನ ಒಳಗೇ ಮುಳುಗಿ ಕೂತಿರುತ್ತದೆ. ಬಟ್ಟೆ ಎಲ್ಲಿಗೆ ಸುತ್ತುವುದು?

ಸಹಾಯವಾಣಿಗೆ ಫೋನು ಮಾಡಿದೆ. ‘ನೀವು ಯಾವ ರಾಜ್ಯದಲ್ಲಿದ್ದೀರಿ ಸರ್?’ ತಮಿಳುನಾಡು ಎಂದೆ. ‘ಆದರೆ ಕನ್ನಡದಲ್ಲಿ ಮಾತಾಡುತ್ತಿದ್ದೀರಿ?’ ಏನು ಹೇಳಲಿ! ಗಾಡಿ ಸತ್ಯಮಂಗಲದಿಂದ ಬರಬೇಕು, ಕತ್ತಲಾದರೂ ಆದೀತು ಎಂದರು. ಕತ್ತಲಾದ ಮೇಲೆ ಬರುವುದು ಹೇಗೆ? 2013ರಿಂದ ಇದು ಹುಲಿ ಸಂರಕ್ಷಿತ ಪ್ರದೇಶ. 2022ರ ಫೆಬ್ರವರಿಯಿಂದ ಘಾಟಿಯ ರಾತ್ರಿ ಸಂಚಾರಕ್ಕೆ ಹೈಕೋರ್ಟಿನ ಕಟ್ಟು ಬೇರೆ. ಹಿಂದೆ ಈ ದಾರಿಯಲ್ಲಿ ಕಾರು ನಿಂತರೆ ವೀರಪ್ಪನ್ ಭಯ. ಇಲ್ಲೇ ದೊಡ್ಡಗಾಜನೂರಿನ ಮನೆಯಿಂದ ತಾನೇ 2000ದ ಜುಲೈ 30ರ ರಾತ್ರಿ ಅವನು ಅಣ್ಣಾವ್ರನ್ನು ಕರೆದೊಯ್ದು 108 ದಿನ ಕಾಡಿನಲ್ಲಿಟ್ಟದ್ದು. ಈಗ ಭಯವೆಲ್ಲ ಕಬ್ಬಿನ ಲಾರಿಗೆ ಕಾದು ರಸ್ತೆಗೆ ಬರುವ ಆನೆಯದು.

ಅಂಗಡಿಯವರೇ ಫೋನು ಮಾಡಿ ತಾಳವಾಡಿಯಿಂದ ಒಬ್ಬ ಮೆಕ್ಯಾನಿಕ್ ಹುಡುಗನನ್ನು ಬೈಕಿನಲ್ಲಿ ಕರೆಸಿದರು. ಬಂದವನೇ ಬಾನೆಟ್ ಎತ್ತಿಯಾನು ಅಂದುಕೊಂಡರೆ, ಎತ್ತಲಿಲ್ಲ. ‘ಒಂದ್ ಸಲ ಸೆಲ್ಫ್ ಹೊಡೀರಿ. ಸಾಕು, ಬುಡಿ.’ ಕಿವಿಯನ್ನಷ್ಟೇ ಕೊಟ್ಟಿದ್ದ. ಟೈಮಿಂಗ್ ಬೆಲ್ಟ್ ಕಡಿದಿದ್ದರೆ ಎಂಜಿನ್ನು ರಾಗಿ ಹಾಕದ ಬೀಸುಕಲ್ಲಿನ ಹಾಗೆ ಹಗುರಾಗಿ, ಸರಾಗವಾಗಿ ತಿರುಗುತ್ತದಂತೆ. ಆ ಸದ್ದು ಕೇಳಿದರೆ ಮತ್ತೆ ಸೆಲ್ಫ್ ಹೊಡೆಯಲೇಬಾರದು. ಕೆಲವು ಎಂಜಿನ್ನುಗಳಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿದು ನೂರರಲ್ಲಿ ಮುಗಿಯುವುದು ಸಾವಿರಗಳಿಗೆ ಹೋಗುತ್ತದೆ. ನನ್ನದು ಭಾರವಾಗಿಯೇ ತಿರುಗುತ್ತಿತ್ತು. ಬೆಲ್ಟ್ ಕ್ಷೇಮ.

ಎಂಜಿನ್ನೆಂದರೆ ಒಲೆಯೇ ತಾನೆ? ಸೌದೆ, ಕಡ್ಡಿ, ಊದುಗೊಳವೆ. ಪೆಟ್ರೋಲು ಬರಬೇಕು, ಪ್ಲಗ್ಗಿಗೆ ಕರೆಂಟು ಬರಬೇಕು, ಒಳಗೆ ಗಾಳಿ ಒತ್ತಬೇಕು. ಮೂರರಲ್ಲಿ ಯಾವುದು ಕೈಕೊಟ್ಟಿದೆ ಎಂದು ತಿಳಿಯುವ ಮೊದಲೇ ಸ್ಪ್ಯಾನರ್ ಹಿಡಿಯುವವನು ಮೆಕ್ಯಾನಿಕ್ಕೇ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ಲಗ್ ಬಿಚ್ಚಿದಾಗ ಒದ್ದೆಯಿದ್ದರೆ ಪೆಟ್ರೋಲು ಬರುತ್ತಿದೆ, ಕರೆಂಟಿಲ್ಲ. ಒಣಗಿದ್ದರೆ ಪೆಟ್ರೋಲೇ ಇಲ್ಲ. ಇವನು ಅದನ್ನೂ ಬಿಚ್ಚಲಿಲ್ಲ. ಹಿಂದಿನ ಸೀಟಿಗೆ ಕಿವಿಯಿಟ್ಟು, ‘ಸೆಲ್ಫ್ ಬ್ಯಾಡ, ಕೀ ಮಾತ್ರ ಆನ್ ಮಾಡಿ’ ಎಂದ. ಕೀಲಿ ಆನ್ ಆದೊಡನೆ ಟ್ಯಾಂಕಿನ ಪಂಪು ಎರಡು ಸೆಕೆಂಡು ಜುಂಯ್ ಎಂದು ಗುನುಗಿ ಸುಮ್ಮನಾಗಬೇಕು. ಹತ್ತು ವರ್ಷ ಓಡಿಸಿದ ಕಾರಿನಲ್ಲಿ ಅಂಥದೊಂದು ಸದ್ದಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಎಲ್ಲರೂ ಉಸಿರು ಕಟ್ಟಿ ಕೇಳಿದೆವು. ಕಾಡಿನ ಸದ್ದು ಬಿಟ್ಟರೆ ಏನೂ ಇಲ್ಲ.

‘ಪಂಪು ಎದ್ದಿಲ್ಲ ಕಣಣ್ಣ’ ಎಂದು ಟೀ ಅಂಗಡಿಯವರಿಗೆ ವರದಿ ಒಪ್ಪಿಸಿ, ಆಗ ಬಾನೆಟ್ ಎತ್ತಿದ. ಫ್ಯೂಸ್ ಕಿತ್ತು ಬಿಸಿಲಿಗೆ ಹಿಡಿದ, ತಂತಿ ಕರಗಿರಲಿಲ್ಲ. ಪಕ್ಕದಲ್ಲಿ ಬೆಂಕಿಪೊಟ್ಟಣದ ಗಾತ್ರದ ಕಪ್ಪು ರಿಲೇಗಳ ಸಾಲು. ಪಂಪಿನದನ್ನೂ ಹಾರ್ನಿನದನ್ನೂ ಕಿತ್ತು, ಎರಡರ ನೆತ್ತಿಯ ನಂಬರೂ ಒಂದೇ ಎಂದು ನೋಡಿಕೊಂಡು, ಹಾರ್ನಿನ ರಿಲೇಯನ್ನು ಪಂಪಿನ ಜಾಗಕ್ಕೆ ಒತ್ತಿದ. ‘ಈಗ ಕೀ ಹಾಕಿ.’

ಜುಂಯ್. ಸೆಲ್ಫ್ ಕೊಟ್ಟೆ, ಕಾರು ಹೊತ್ತಿಕೊಂಡಿತು. ಅಜ್ಜ ‘ಬಿಸಿಲು ಇಳೀತಲ್ಲ, ಅದ್ಕೇ ಬಂತು’ ಎಂದರು. ಯಾರೂ ಅವರ ಜೊತೆ ವಾದಕ್ಕಿಳಿಯಲಿಲ್ಲ.

‘ಹಾರ್ನಿಗೆ ಏನಪ್ಪಾ ಗತಿ?’ ಎಂದೆ.

‘ಆನ ಸೀಮೇಲಿ ಹಾರ್ನ್ ಯಾಕ ಸಾ? ತಾಳವಾಡಿಗಂಟ ಮೆಲ್ಲಗ ಹೋಗಿ. ಹೊಸ ರಿಲೇ ಹಾಕ್ದೆ ಘಾಟಿ ಮಾತ್ರ ಇಳಿಬ್ಯಾಡಿ.’

ತಾಳವಾಡಿಯಲ್ಲಿ ಆ ನಂಬರಿನ ರಿಲೇ ಸಿಗಲಿಲ್ಲ. ಒಂದು ಹೊತ್ತಿನ ಊಟಕ್ಕೆಂದು ಹೋದವನು ಬೀಗರ ಹೊಸ್ತಿಲಲ್ಲಿ ದಿನವೂ ‘ಇನ್ನು ಹೊರಟೆ’ ಎನ್ನುತ್ತ ನಿಂತೆ. ರಿಲೇ ಬಂದದ್ದು ಮೂರನೆಯ ದಿನ, ಚಾಮರಾಜನಗರದ ಬಸ್ಸಿನಲ್ಲಿ.