ಸಾಟಿಗೆ ಹೋದ ಕಾರ್ಡು

ನಮ್ಮ ಮೆಣಸಗಿ ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಹಳ್ಳಿ. ಮಲಪ್ರಭಾ ಹೊಳೆಯ ಸೀಮೆ. 2009ರ ಮಹಾಪೂರದಲ್ಲಿ ನಮ್ಮ ಮಣ್ಣಿನ ಮಾಳಿಗೆಯ ಮನೆ ಕುಸಿಯಿತು. ಮೊಮ್ಮಗನಿಗೆ ಆಗ ಐದು ವರ್ಷ. ಈಗ ಹುಬ್ಬಳ್ಳಿಯಲ್ಲಿ ಓದುವ ಅವನು ಆ ಮನೆಯನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಲು ಹೊರಟ. ಪಡಸಾಲೆ, ಹಗೇವು, ಎತ್ತು ಕಟ್ಟುವ ದಂದಕ್ಕಿ ಎಲ್ಲವೂ ಬೇಕು; ಬಾಗಿಲು ದೂಡಿದರೆ ಒಳಗೆ ನಡೆದು ಹೋದಂತೆ ಕಾಣಬೇಕು.

ಅದಕ್ಕೆ ಗ್ರಾಫಿಕ್ಸ್ ಕಾರ್ಡು ಬೇಕಂತೆ. 2023ರ ದೀಪಾವಳಿಗೆ ನನ್ನ ಠೇವಣಿ ಮುರಿಸಿ, 58 ಸಾವಿರ ರೂಪಾಯಿಗೆ ಎನ್‌ವಿಡಿಯಾದ ಆರ್‌ಟಿಎಕ್ಸ್ 4070 ಕೊಡಿಸಿದೆ. ಎರಡು ತಿಂಗಳು ಕಳೆದಿತ್ತಷ್ಟೇ, 2024ರ ಜನವರಿ 17ರಂದು '4070 ಸೂಪರ್' ಪೇಟೆಗೆ ಬಂತು.

"ಅಜ್ಜಾ, ಹಳೇದು ಕೊಟ್ಟು ಹೊಸಾದು ತರೂಣು. ನಂದು ನಡುವನ ನಿಂದರತೈತಿ" ಎಂದ.

"ತಮ್ಮಾ, ಇನ್ನೂ ಡಬ್ಬಿ ವಾಸನಿ ಹೋಗಿಲ್ಲ, ಅದು ಹಳೇದು ಹೆಂಗಾತೋ?" ಎಂದೆ. ಆದರೂ ಅವನ ಮುಖ ನೋಡಿ ಹೊರಟೆ.

ಹೊಳೆಆಲೂರಿನಲ್ಲಿ ರೈಲು ಹತ್ತಿ ಗದಗ, ಅಲ್ಲಿಂದ ರಾತ್ರಿ ಗಾಡಿಗೆ ಬೆಂಗಳೂರು. ಗದಗ ಬಂದರೆ ನನಗೆ ಹತ್ತಿರದ ಕಣಗಿನಹಾಳ ನೆನಪಾಗುತ್ತದೆ. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಸಹಕಾರಿ ಸಂಘ ಕಟ್ಟಿದರು. ಅದೇ 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂತು. ಇತ್ತ ಸಾಲ, ಅತ್ತ ದೀಪ! ಮೊಮ್ಮಗ ಮಾತ್ರ ಕಾರ್ಡಿನ ಡಬ್ಬಿಯನ್ನು ಎದೆಗವಚಿಕೊಂಡು ನಿದ್ದೆ ಹೋಗಿದ್ದ.

ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಚಿಕ್ಕಪೇಟೆ ಒಂದೇ ನಿಲ್ದಾಣ. ಮೇಲೆ ಬಂದು, ಕೈಗಾಡಿ, ಸ್ಕೂಟರು, ಹೊರೆಯವರ ನಡುವೆ ನುಸುಳಿಕೊಂಡು ಎಸ್.ಪಿ. ರಸ್ತೆ ಸೇರಿದೆವು. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಗೂಡಿನಂಥ ಅಂಗಡಿಗಳು; ಒಂದರಲ್ಲಿ ತಂತಿ, ಒಂದರಲ್ಲಿ ಕೀಲಿಮಣೆ, ಮತ್ತೊಂದರಲ್ಲಿ ಬಿಚ್ಚಿಟ್ಟ ಲ್ಯಾಪ್‌ಟಾಪಿನ ಕರುಳು.

ನನಗೆ ಬನಶಂಕರಿ ಜಾತ್ರೆಯ ದನದ ಪೇಟೆ ಕಂಡಂತಾಯಿತು. ಅಲ್ಲಿ ಅಪ್ಪ ಎತ್ತು ಸಾಟಿ ಮಾಡುತ್ತಿದ್ದ. ಮೊದಲು ಹಲ್ಲು, ಆಮೇಲೆ ಸುಳಿ, ಆಮೇಲೆ ನಡಿಗೆ. ಕೊನೆಗೆ ಟವೆಲ್ಲಿನ ಒಳಗೆ ಕೈ ಹಿಡಿದು ಬೆರಳಿನಲ್ಲಿ ದರ. ಒಮ್ಮೆ ಹೊಸದಾಗಿ ಕೊಂಡ ಎತ್ತನ್ನೇ ಕೊಟ್ಟು, ಮೇಲೆ ರೊಕ್ಕ ಸುರಿದು, ಚೆಂದದ ಕೋಡಿನದನ್ನು ತಂದ. ಅದು ಮನೆಯ ಇನ್ನೊಂದು ಎತ್ತಿಗೆ ಜೋಡಿಯಾಗಲೇ ಇಲ್ಲ. ಆ ಮುಂಗಾರು ನೆರೆಯವರ ಎತ್ತು ಬೇಡಿ ಬಿತ್ತಿದೆವು.

ಅಂಗಡಿಯ ಹುಡುಗ ನಮ್ಮ ಕಾರ್ಡನ್ನು ತಿರುಗಿಸಿ, ಬಿಲ್ಲು ನೋಡಿ, ಸಂಖ್ಯೆ ತಾಳೆ ಹಾಕಿದ. "40 ಸಾವಿರ ಹಿಡಿತೀನಿ. ಹೊಸದು 62 ಸಾವಿರ. ಮೇಲೆ 22 ಸಾವಿರ ಕೊಡಿ."

ನನ್ನೊಳಗಿನ ಬಿಕಾಂ ಎದ್ದು ಕುಳಿತ. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ಸವಕಳಿ ವರ್ಷಕ್ಕೆ ಶೇ. 40, ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಹಾಗೆ ಲೆಕ್ಕ ಹಾಕಿದರೂ ಕಳೆಯುವುದು 11,600. ಪೇಟೆ ಕಳೆದದ್ದು 18,000! ಹೊಸ ತಳಿ ಬಂತೆಂದರೆ ಪೇಟೆ ಪುಸ್ತಕ ನೋಡುವುದಿಲ್ಲ.

"ಹೊಸಾದರಾಗ ಹೆಚ್ಚಿಗಿ ಏನೈತಪಾ?" ಎಂದು ಕೇಳಿದೆ.

ಹುಡುಗ ತಾಳ್ಮೆಯಿಂದ ಹೇಳಿದ. ಮಕ್ಕಳೇ, ನೀವೂ ಕೇಳಿ. ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕೆ, ಒಟ್ಟು 20,73,600. ಪ್ರತಿ ಚುಕ್ಕೆಗೂ ಬಣ್ಣ ಲೆಕ್ಕ ಹಾಕಬೇಕು. ಕಂಪ್ಯೂಟರಿನ ಮುಖ್ಯ ಚಿಪ್ಪು ಜಾಣ ಯಜಮಾನನಿದ್ದಂತೆ. ಒಬ್ಬನೇ ಹೊಲದ ಕಳೆ ತೆಗೆದರೆ ಎಂದು ಮುಗಿದೀತು? ಗ್ರಾಫಿಕ್ಸ್ ಕಾರ್ಡಿನಲ್ಲಿ ಸಾವಿರಾರು ಸಣ್ಣ ಆಳುಗಳು ಸಾಲು ಹಿಡಿದು ಒಟ್ಟಿಗೆ ಕೂರುತ್ತಾರೆ. ನಮ್ಮದರಲ್ಲಿ 5,888 ಆಳು, ಹೊಸದರಲ್ಲಿ 7,168.

"ಆಳು ಹೆಚ್ಚು, ಖರೆ. ಕಣಜ ಎಷ್ಟು?" ಎಂದೆ. ಹುಡುಗನಿಗೆ ತಿಳಿಯಲಿಲ್ಲ. "ಮೆಮೊರಿ ಕೇಳಾಕತ್ಯಾರ" ಎಂದ ಮೊಮ್ಮಗ.

"ಎರಡರಲ್ಲೂ 12 ಜಿಬಿ."

ಮೊಮ್ಮಗ ಸುಮ್ಮನಾದ. ಅವನ ಚಿತ್ರ ನಡುವೆ ನಿಲ್ಲುತ್ತಿದ್ದುದು ಮೆಮೊರಿ ತುಂಬಿಯೇ. ಹುಡುಗ ಪೆನ್‌ಡ್ರೈವ್ ಹಾಕಿ ಮನೆಯ ಕಡತ ತೆರೆದು ನೋಡಿ ನಕ್ಕ. ಪ್ರತಿ ಗೋಡೆಗೂ, ದೂರದ ಬೇಲಿಗೂ, ಮಣ್ಣಿನ ದೊಡ್ಡ ದೊಡ್ಡ ಫೋಟೊ ಅಂಟಿಸಿದ್ದ ನಮ್ಮ ಹುಡುಗ. "ದೂರದ್ದಕ್ಕೆ ಚಿಕ್ಕ ಫೋಟೊ ಸಾಕು" ಎಂದು ಹತ್ತು ನಿಮಿಷದಲ್ಲಿ ತೋರಿಸಿಕೊಟ್ಟ. ನಮ್ಮ ಕಾರ್ಡಿನಲ್ಲೇ ಚಿತ್ರ ನಿಲ್ಲದೆ ಮುಗಿಯಿತು, 12 ನಿಮಿಷಕ್ಕೆ. ಹೊಸದರಲ್ಲಿ 10.

"ಎರಡು ನಿಮಿಷಕ್ಕ 22 ಸಾವಿರ... ಬ್ಯಾಡ ಅಜ್ಜಾ" ಎಂದು ಕಾರ್ಡನ್ನು ತಾನೇ ಡಬ್ಬಿಗೆ ಹಾಕಿದ.

ವ್ಯಾಪಾರ ಬಿಟ್ಟುಹೋದರೂ ಆ ಹುಡುಗ ಮುಖ ಗಂಟಿಕ್ಕಲಿಲ್ಲ. "ಮನೆ ಮುಗಿದ ಮೇಲೆ ತೋರಿಸಿ" ಎಂದ. ನಾವು ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಒಂದು ಗಂಟೆ ತಿರುಗಿ, ಅವನಿಗೆ ಚಿತ್ರಕಲೆಯ ಒಂದು ಪುಸ್ತಕ ಕೊಂಡು ಸಂಜೆಯ ಹೊತ್ತಿಗೆ ನಿಲ್ದಾಣ ಸೇರಿದೆವು.

ಜನವರಿ 25, ಬನದ ಹುಣ್ಣಿಮೆ. ಬನಶಂಕರಿ ತೇರಿಗೆ ಹೊರಡುವ ಮುಂಚೆ ಮೊಮ್ಮಗ ತನ್ನ ಅಜ್ಜಿಯನ್ನು ಪರದೆಯ ಮುಂದೆ ಕೂರಿಸಿದ. ಬಾಗಿಲು ತೆರೆಯಿತು. ಪಡಸಾಲೆಯಲ್ಲಿ ಬಿಸಿಲಿನ ಕೋಲು ಬಿದ್ದಿತ್ತು. ಆಕೆ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಬೆರಳಿಟ್ಟು ಹೇಳಿದಳು:

"ಎಲ್ಲಾ ಖರೆ ಐತೋ ನನ್ನಪ್ಪಾ. ಆದ್ರ ಬೆಳಕಿಂಡಿ ಎಡಕ್ಕಿತ್ತು, ನೀ ಬಲಕ್ಕ ಇಟ್ಟೀಯಲ್ಲ!"

ತೇರಿಗೆ ಹೋಗುವುದು ಒಂದು ತಾಸು ತಡವಾಯಿತು. ಅಜ್ಜಿ ಹೇಳುತ್ತಿದ್ದಳು, ಮೊಮ್ಮಗ ಬೆಳಕಿಂಡಿ ಸರಿಸುತ್ತಿದ್ದ.